ಬಿ.ಎ. ಎಲ್‌ಎಲ್‌.ಬಿ. ಮುಗಿಸಿ ವಿಶ್ವಸಂಸ್ಥೆಯಲ್ಲಿ ಕಾನೂನು ಕೆಲಸ: ಎಲ್ಲಿಂದ ಶುರು ಮಾಡಬೇಕು?

ಹುಬ್ಬಳ್ಳಿ_ಲಾ:
ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಕೊನೇ ವರ್ಷದಲ್ಲಿದ್ದೇನೆ. ವಿಶ್ವಸಂಸ್ಥೆಗೆ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಗಳಿಗೆ ನೇರವಾಗಿ ಅರ್ಜಿ ಹಾಕಬಹುದಾ? ಎಲ್‌ಎಲ್‌.ಎಂ. ಬೇಕೇ ಬೇಕಾ? ಸಂಬಳವಿಲ್ಲದೆ ವಿದೇಶದಲ್ಲಿ ಇರುವಷ್ಟು ಅನುಕೂಲ ಇಲ್ಲ.

ಕಡತ:
ಮೊದಲು ಅನುಭವದ ಲೆಕ್ಕ ತಿಳಿದುಕೊಳ್ಳಿ. ವಿಶ್ವಸಂಸ್ಥೆಯಲ್ಲಿ ವೃತ್ತಿಪರ ಹುದ್ದೆಗಳ ದರ್ಜೆಯನ್ನು ‘ಪಿ’ ಎಂದು ಗುರುತಿಸುತ್ತಾರೆ. ಕೆಳಹಂತದ ಪಿ-2 ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮತ್ತು 2 ವರ್ಷದ ಅನುಭವ ಕೇಳುತ್ತಾರೆ, ಪಿ-3ಕ್ಕೆ 5 ವರ್ಷ. ಬರೀ ಎಲ್‌ಎಲ್‌.ಬಿ. ಇದ್ದರೆ ಇನ್ನೆರಡು ವರ್ಷ ಹೆಚ್ಚು ಬೇಕು. ಹಾಗಾಗಿ ಎಲ್‌ಎಲ್‌.ಎಂ. ಕಡ್ಡಾಯವಲ್ಲ. ಆದರೆ ಐದು ವರ್ಷ ಓದಿದರೂ ನಿಮ್ಮದು ಸ್ನಾತಕ ಪದವಿಯೇ. ವಿಶ್ವಸಂಸ್ಥೆಯ ನೇಮಕಾತಿ ಜಾಲತಾಣವಾದ ಇನ್‌ಸ್ಪೈರಾದ ಅರ್ಜಿಯಲ್ಲಿ ಅದನ್ನು ಸ್ನಾತಕೋತ್ತರ ಎಂದು ತುಂಬಬೇಡಿ, ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

ಅನುಭವವಿಲ್ಲದವರಿಗೆ ಇರುವ ದಾರಿ ಯಂಗ್ ಪ್ರೊಫೆಷನಲ್ಸ್ ಪರೀಕ್ಷೆ, ಅಂದರೆ ಯುವ ಪದವೀಧರರಿಗಾಗಿ ವಿಶ್ವಸಂಸ್ಥೆ ನಡೆಸುವ ನೇಮಕಾತಿ ಪರೀಕ್ಷೆ. ವಯಸ್ಸು 32 ಮೀರಿರಬಾರದು. ಪ್ರಾತಿನಿಧ್ಯ ಕಡಿಮೆ ಇರುವ ದೇಶದವರಿಗೆ ಮಾತ್ರ ಅವಕಾಶ, ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ಆ ವರ್ಷ ಭಾರತವೂ, ಕಾನೂನು ವಿಭಾಗವೂ ಇವೆಯೇ ಎಂದು ನೋಡಿಕೊಂಡೇ ಓದಲು ಕೂರಿ.

ಶಾಂತಿಭವನ:
ಹೇಗ್ ಎಂದರೆ ಒಂದೇ ನ್ಯಾಯಾಲಯವಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯದ ಜುಡಿಷಿಯಲ್ ಫೆಲೋಶಿಪ್‌ಗೆ (ಹೊಸ ಕಾನೂನು ಪದವೀಧರರು ನ್ಯಾಯಾಧೀಶರ ಬಳಿ ಕೆಲಸ ಕಲಿಯುವ ಅವಕಾಶ) ನೀವಾಗಿ ಅರ್ಜಿ ಹಾಕುವಂತಿಲ್ಲ, ವಿಶ್ವವಿದ್ಯಾಲಯವೇ ಹೆಸರು ಕಳಿಸಬೇಕು. ಖರ್ಚನ್ನೂ ಸಾಮಾನ್ಯವಾಗಿ ಅದೇ ಭರಿಸಬೇಕು. ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾಲಯಗಳ ಅಭ್ಯರ್ಥಿಗಳಿಗೆಂದು ಟ್ರಸ್ಟ್ ನಿಧಿಯೊಂದಿದೆ. ಇದನ್ನು ನಿಮ್ಮ ಪ್ರಾಂಶುಪಾಲರ ಗಮನಕ್ಕೆ ಈಗಲೇ ತನ್ನಿ, ಕೊನೇ ದಿನಾಂಕ ಹತ್ತಿರ ಬಂದಮೇಲೆ ವಿಶ್ವವಿದ್ಯಾಲಯದ ಕಡತ ಓಡುವುದಿಲ್ಲ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬೇರೆ ಸಂಸ್ಥೆ. ಅಲ್ಲಿ ಕಾಯಂ ಹುದ್ದೆಯಲ್ಲಿ ಸದಸ್ಯ ದೇಶದವರಿಗೇ ಆದ್ಯತೆ, ಆದರೆ ಅದನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲ.

ಮೈಸೂರು_ವಕೀಲೆ:
ಖರ್ಚಿನ ವಿಷಯಕ್ಕೆ ಬರುತ್ತೇನೆ. ವಿಶ್ವಸಂಸ್ಥೆ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ವಿಶ್ವಸಂಸ್ಥೆಯ ಕಚೇರಿಗಳಿರುವ ಜಿನೀವಾದಲ್ಲಿ ಬಾಡಿಗೆಯೇ ಹೊರೆಯಾಗುತ್ತದೆ. ಬದಲಿಗೆ ಯುಎನ್ ವಾಲಂಟಿಯರ್ ಹುದ್ದೆ ನೋಡಿ, ಜೀವನಭತ್ಯೆ ಕೊಡುತ್ತಾರೆ. ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ಗೆ ದೆಹಲಿ, ಚೆನ್ನೈಗಳಲ್ಲಿ ಕಚೇರಿಗಳಿವೆ. ಅಂಥ ಕಡೆ ಆಶ್ರಯ ಕೋರಿದವರ ಸಂದರ್ಶನ, ಪ್ರಕರಣದ ಟಿಪ್ಪಣಿ ಬರೆದ ಅನುಭವ ಮುಂದಿನ ಅರ್ಜಿಗೆ ತೂಕ ಕೊಡುತ್ತದೆ. ದೆಹಲಿಯಲ್ಲೇ ಕೇಂದ್ರ ಕಚೇರಿ ಇರುವ ಏಷ್ಯಾ-ಆಫ್ರಿಕಾ ಕಾನೂನು ಸಲಹಾ ಸಂಸ್ಥೆಯಲ್ಲೂ ವಿಚಾರಿಸಿ.

ಇಂಗ್ಲಿಷ್ ಜೊತೆಗೆ ಫ್ರೆಂಚ್ ಕೂಡ ಈ ಸಂಸ್ಥೆಗಳ ಕೆಲಸದ ಭಾಷೆ, ಅದನ್ನು ಕಲಿಯಲು ಇವತ್ತೇ ಶುರು ಮಾಡಿ. ಗುರಿ ಬಿ2, ಅಂದರೆ ಸ್ವತಂತ್ರವಾಗಿ ಮಾತಾಡಿ ಬರೆಯಬಲ್ಲ ಮಟ್ಟ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ತರಗತಿ, ಫ್ರೆಂಚ್ ಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಡೆಲ್ಫ್ ಪರೀಕ್ಷೆ ಎರಡೂ ಇವೆ. ಇನ್ನೊಂದು: ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಕೇಳುವುದಿಲ್ಲ. ಕೇಳಿದರೆ ಅದು ಮೋಸ.