ಬೆಂಕಿ ಇರಲಿಲ್ಲ ಅಂತ ಗೊತ್ತಾಗಿದ್ದು ಇಳಿದ ಮೇಲೆ

ಎಲ್ಲರ ಮೆಸೇಜೂ ಕೇಳಿಸ್ಕೊಂಡೆ. ಟೈಪ್ ಮಾಡ್ತಾ ಕೂತ್ರೆ ನನಗೆ ಸಂಜೆ ಆಗುತ್ತೆ, ಮಾತಲ್ಲೇ ಹೇಳಿಬಿಡ್ತೀನಿ. ಉದ್ದ ಆಗುತ್ತೆ, ಸಾವಕಾಶವಾಗಿ ಕೇಳಿ. ಅತ್ತಿಗೆ, ಮೊದಲು ನೀವೂ ಅಣ್ಣನೂ ಕ್ಷೇಮವಾಗಿ ಕೆಳಗಿಳಿದ್ರಲ್ಲ, ನನಗೆ ಅಷ್ಟು ಸಾಕು.

ಈಗ ಸುಮಂತನ ಮಾತಿಗೆ ಬರ್ತೀನಿ. ಎಂಜಿನ್ ಬೆಂಕಿ ಎಚ್ಚರಿಕೆ ಬಂತು ಅಂತ ವಿಮಾನ ವಾಪಸ್ ಇಳಿಸಿದ್ರು, ಎಲ್ಲರನ್ನೂ ಸ್ಲೈಡಲ್ಲಿ ಜಾರಿಸಿದ್ರು, ಅಮ್ಮನ ಕಾಲು ಉಳುಕ್ತು, ಆಮೇಲೆ ನೋಡಿದ್ರೆ ಬೆಂಕಿನೇ ಇಲ್ಲ, ಪೈಲಟ್ ಮೇಲೆ ದೂರು ಕೊಡೋಣ, ಅಂತ ಬರೆದಿದ್ದೀಯ. ಕೋಪ ಬರುತ್ತಪ್ಪ, ಇಲ್ಲ ಅನ್ನಲ್ಲ. ಆದ್ರೆ ಬೆಂಕಿ ಇಲ್ಲ ಅಂತ ಯಾರಿಗೆ, ಯಾವಾಗ ಗೊತ್ತಾಯ್ತು ಹೇಳು? ವಿಮಾನ ಖಾಲಿಯಾಗಿ, ಎಂಜಿನ್ ಮೇಲಿನ ಕವಚ ಬಿಚ್ಚಿದ ಮೇಲೆ, ನನ್ನಂಥ ಮೆಕ್ಯಾನಿಕ್‌ಗೆ. ಹ್ಯಾಂಗರಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡವನು ನಾನು, ಅಷ್ಟು ಹೇಳೋ ಹಕ್ಕಿದೆ.

ಆ ಬೆಂಕಿ ಎಚ್ಚರಿಕೆ ಕೊಡೋ ಸೆನ್ಸರ್ ಏನು ಅಂತ ಹೇಳ್ತೀನಿ. ಎಂಜಿನ್ ಸುತ್ತ ಸಣ್ಣ ಕೊಳವೆ ಥರದ್ದೊಂದು ಹಾದುಹೋಗಿರುತ್ತೆ, ಲೂಪ್ ಅಂತೀವಿ. ಸಾಮಾನ್ಯವಾಗಿ ಎರಡೆರಡು ಇರುತ್ತೆ, ಒಂದು ಕೆಟ್ಟರೂ ಇನ್ನೊಂದು ಇರಲಿ ಅಂತ. ಅದಕ್ಕೆ ಬೆಂಕಿ ಕಾಣಲ್ಲ, ಬರೀ ಬಿಸಿ ಗೊತ್ತಾಗುತ್ತೆ. ಎಂಜಿನ್ನಿಂದ ಬಿಸಿಗಾಳಿ ಒಯ್ಯೋ ಪೈಪ್ ಸೋರಿದ್ರೂ ಅದು ಕೂಗುತ್ತೆ, ಬೆಂಕಿ ಬಿದ್ರೂ ಕೂಗುತ್ತೆ. ಕಾಕ್‌ಪಿಟ್ಟಲ್ಲಿ ಎರಡಕ್ಕೂ ಒಂದೇ ಗಂಟೆ, ಒಂದೇ ಕೆಂಪು ದೀಪ. ದೊಡ್ಡ ವಿಮಾನಗಳಲ್ಲಿ ಪೈಲಟ್ ಕೂತ ಜಾಗದಿಂದ ಎಂಜಿನ್ ಕಾಣೋದೂ ಇಲ್ಲ. ಅವರು ಆ ಎಂಜಿನ್‌ಗೆ ಇಂಧನ ನಿಲ್ಲಿಸ್ತಾರೆ, ಹ್ಯಾಂಡಲ್ ಎಳೆದು ಬೆಂಕಿ ಆರಿಸೋ ಗ್ಯಾಸಿನ ಒಂದು ಬಾಟಲಿ ಬಿಡ್ತಾರೆ, ಸ್ವಲ್ಪ ಕಾಯ್ತಾರೆ, ದೀಪ ಆರದಿದ್ರೆ ಎರಡನೇದು. ಮೂರನೇದು ಅಂತ ಇಲ್ಲ. ಎರಡೂ ಖಾಲಿಯಾದ್ರೂ ದೀಪ ಆರಲಿಲ್ಲ ಅಂತ ಕ್ಯಾಪ್ಟನ್ನೇ ಆಮೇಲೆ ಹೇಳಿದ್ರಂತೆ, ಅತ್ತಿಗೆ ಹೇಳಿದ್ದೇ ಇದು. ಇನ್ನೇನು ಮಾಡ್ಬೇಕಿತ್ತು ಅವರು? ರೆಕ್ಕೆ ತುಂಬ ಇಂಧನ ಇಟ್ಕೊಂಡು, ಇದು ಸೆನ್ಸರ್ ತಪ್ಪೇ ಇರಬೇಕು ಅಂತ ಕೂರೋದಾ?

ಹಾಗೆ ಕಾಲ ಕಳೆದದ್ದರ ಕಥೆ ಒಂದಿದೆ. 1980ರ ಆಗಸ್ಟ್ 19, ಸೌದಿಯಾ ಅನ್ನೋ ಸೌದಿ ಅರೇಬಿಯಾದ ವಿಮಾನ ಸಂಸ್ಥೆಯ 163ನೇ ವಿಮಾನ, ಲಾಕ್‌ಹೀಡ್ ಟ್ರೈಸ್ಟಾರ್ ಮಾದರಿದು. ರಿಯಾದಿಂದ ಹೊರಟ ಕೆಲವೇ ನಿಮಿಷಕ್ಕೆ ಹಿಂದಿನ ಸರಕಿನ ಭಾಗದಲ್ಲಿ ಹೊಗೆ ಅಂತ ಎಚ್ಚರಿಕೆ ಬಂತು. ಅದು ನಿಜವಾ ಸುಳ್ಳಾ ಅಂತ ಖಚಿತ ಮಾಡ್ಕೊಳ್ಳೋದಕ್ಕೇ ನಾಲ್ಕು ನಿಮಿಷದ ಮೇಲೆ ಹೋಯ್ತು. ವಾಪಸ್ ಬಂದ್ರು, ಚೆನ್ನಾಗೇ ಇಳಿಸಿದ್ರು. ಆದ್ರೆ ರನ್‌ವೇ ಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿ ನಿಲ್ಲಿಸೋ ಬದಲು ಎರಡೂವರೆ ನಿಮಿಷಕ್ಕೂ ಹೆಚ್ಚು ಓಡಿಸ್ಕೊಂಡು ಪಕ್ಕದ ದಾರಿಗೆ ಹೋದ್ರು. ನಿಂತ ಮೇಲೂ ಎಂಜಿನ್ ಮೂರು ನಿಮಿಷ ತಿರುಗ್ತಾನೇ ಇತ್ತು, ರಕ್ಷಣೆಯವರು ಹತ್ತಿರ ಹೋಗೋ ಹಾಗಿಲ್ಲ. ಹೊರಗಿನವರು ಬಾಗಿಲು ತೆಗೆಯೋ ಹೊತ್ತಿಗೆ ಎಂಜಿನ್ ನಿಂತು 20 ನಿಮಿಷ ದಾಟಿತ್ತು. 301 ಜನ, ಒಬ್ಬರೂ ಉಳೀಲಿಲ್ಲ. ನೆಲದ ಮೇಲೆ ನಿಂತ ವಿಮಾನದಲ್ಲಿ, ಸುಮಂತ! ನನಗೆ ಇವತ್ತಿಗೂ ಅದನ್ನ ಹೇಳೋವಾಗ ಹೊಟ್ಟೆ ಉರಿಯುತ್ತೆ.

ಅತ್ತಿಗೆ ಕೇಳಿದ್ರು, ವಿಮಾನ ನಿಂತ ಮೇಲೂ ಒಂದಷ್ಟು ಹೊತ್ತು ಸುಮ್ಮನೆ ಕೂರಿಸಿ, ಆಮೇಲೆ ಏಕ್ದಂ ಕಿರುಚಿ ಎಬ್ಬಿಸಿದ್ಯಾಕೆ ಅಂತ. ಎಂಜಿನ್ ಆರಿಸೋಕೆ ಅತ್ತಿಗೆ. 2016ರಲ್ಲಿ ಶಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನ ಟೇಕಾಫ್ ಓಟದಲ್ಲೇ ಹೊತ್ಕೊಂಡಾಗ, ಇನ್ನೊಂದು ಕಡೆ ಎಂಜಿನ್ ಓಡ್ತಿರೋವಾಗಲೇ ಜನ ಇಳಿದ್ರು. ಅದರ ಗಾಳಿ ಹೊಡೆತಕ್ಕೆ ಒಬ್ಬ ಪ್ರಯಾಣಿಕರು ಬಿದ್ದು ಜೋರು ಪೆಟ್ಟಾಯ್ತು. ಮತ್ತೆ ಕ್ಯಾಬಿನ್ ಹುಡುಗಿ ಬಾಗಿಲ ಕಿಟಕಿಗೆ ಮುಖ ಒತ್ತಿ ನಿಂತಿದ್ಲು ಅಂದ್ರಲ್ಲ, ಹೊರಗೆ ಆ ಕಡೆ ಬೆಂಕಿ ಇದೆಯಾ ಅಂತ ನೋಡ್ತಿದ್ಲು. 2024ರ ಜನವರಿ 2ಕ್ಕೆ ಟೋಕಿಯೋದ ಹನೇಡಾ ಏರ್‌ಪೋರ್ಟಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದಾಗ ಎಂಟು ಬಾಗಿಲಲ್ಲಿ ಮೂರನ್ನೇ ತೆಗೆದ್ರು. ಮೈಕ್ ಕೂಡ ಕೆಲಸ ಮಾಡ್ತಿರಲಿಲ್ಲ, ಮೆಗಾಫೋನಲ್ಲಿ ಕೂಗಿ 379 ಜನಾನೂ ಇಳಿಸಿದ್ರು. ಕಿರುಚದೆ ಆಗೋ ಕೆಲಸ ಅಲ್ಲ ಅದು.

ಹಾಂ, ಇಳಿಸದೇ ಇದ್ದದ್ದೂ ಉಂಟು. ಸುಮಂತ ಹುಡುಕಿ ತರೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. 2016ರಲ್ಲಿ ಸಿಂಗಪೂರಿನ ಚಾಂಗಿ ಏರ್‌ಪೋರ್ಟಲ್ಲಿ ಸಿಂಗಪೂರ್ ಏರ್‌ಲೈನ್ಸ್ ವಿಮಾನದ ರೆಕ್ಕೆ ಧಗಧಗ ಉರೀತಿತ್ತು, ಜನರನ್ನ ಒಳಗೇ ಕೂರಿಸಿ ಆರಿಸಿದ್ರು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿ ಅಗ್ನಿಶಾಮಕದವರು ಪಕ್ಕದಲ್ಲೇ ಇದ್ರು, ಅವರ ಜೊತೆ ಮಾತಾಡಿ ಕ್ಯಾಪ್ಟನ್ ನಿರ್ಧಾರ ಮಾಡಿದ್ರು. ಸ್ಲೈಡಲ್ಲಿ ಕಾಲು ಮುರೀಬಹುದು ಅಂತ ಕ್ಯಾಪ್ಟನ್‌ಗೂ ಗೊತ್ತಿರುತ್ತೆ. ಆದ್ರೂ ಆ ಸೀಟಲ್ಲಿ ಕೂತು ಇಳಿಸಬೇಕಾ ಬೇಡ್ವಾ ಅಂತ ನಿರ್ಧಾರ ಮಾಡಬೇಕಾದವರು ಅವರು, ನಾವಲ್ಲ.

ದೂರು ಕೊಡಲೇಬೇಕು ಅಂದ್ರೆ, ಅತ್ತಿಗೆ ಮುಂದೆ ಟ್ರಾಲಿ ಬ್ಯಾಗ್ ಇಳಿಸ್ಕೊಳ್ತಾ ನಿಂತಿದ್ನಲ್ಲ ಮಹಾನುಭಾವ, ಅವನ ಮೇಲೆ ಕೊಡು. ಅರ್ಧ ಬಾಗಿಲಷ್ಟೇ ತೆರೆದಿದ್ರೂ 90 ಸೆಕೆಂಡಲ್ಲಿ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಿದ್ರೇನೇ ಆ ವಿಮಾನಕ್ಕೆ ಒಪ್ಪಿಗೆ ಸಿಗೋದು. ಆ ಲೆಕ್ಕದಲ್ಲಿ ಇವನ ಟ್ರಾಲಿ ಇಲ್ಲ. 2016ರಲ್ಲೇ ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ಬಿದ್ದು ಹೊಗೆ ತುಂಬ್ತಿದ್ರೂ ಜನ ಬ್ಯಾಗ್ ಹುಡುಕ್ತಿರೋ ವಿಡಿಯೋ ನೀವೆಲ್ಲ ನೋಡಿರ್ತೀರ. 300 ಜನ ಬದುಕಿದ್ರು, ಸ್ವಲ್ಪ ಹೊತ್ತಿಗೆ ವಿಮಾನ ಸಿಡಿದು ಅಗ್ನಿಶಾಮಕದ ಒಬ್ಬರು ಸತ್ರು.

ಅತ್ತಿಗೆ, ಊತ ನಾಳೆಗೂ ಇಳೀದಿದ್ರೆ ಎಕ್ಸ್‌ರೇ ಮಾಡಿಸಿ, ಎಣ್ಣೆ ಉಜ್ಜಿಸ್ಕೊಂಡು ಕೂರಬೇಡಿ. ಅಣ್ಣನ ಬಿಪಿ ಮಾತ್ರೆ ಮೇಲಿನ ಬ್ಯಾಗಲ್ಲೇ ಉಳೀತು ಅಂದ್ರಿ, ಬ್ಯಾಗ್ ಕೈಗೆ ಸಿಗೋಕೆ ದಿನ ಹಿಡಿಯಬಹುದು, ಇವತ್ತೇ ಬೇರೆ ತಗೊಳ್ಳಿ. ಮುಂದಿನ ಸಲ ಮಾತ್ರೆ, ಪಾಸ್‌ಪೋರ್ಟು, ಫೋನು ಟೇಕಾಫ್‌ಗೂ ಲ್ಯಾಂಡಿಂಗ್‌ಗೂ ಅಣ್ಣನ ಜೇಬಲ್ಲೇ ಇರಲಿ. ಸುಮಂತ, ನೀನು ರಾತ್ರಿ ಫೋನ್ ಮಾಡು, ಬ್ಯಾಗಿಗೆ ಅರ್ಜಿ ಹೇಗೆ ಬರೀಬೇಕು ಅಂತ ಹೇಳ್ತೀನಿ.