‘ಸಬ್‌ಮಷಿನ್ ಗನ್’: ಕನ್ನಡದಲ್ಲಿ ಯಾವ ಹೆಸರು ಸರಿ?

ಮಾನ್ಯರೇ,

ಕಲ್ಪಿತ ಸೇನೆಯೊಂದರ ಕಥೆಗೆ ಅನುಬಂಧವಾಗಿ ಬರೆದ ಬರಹವನ್ನು ತಿದ್ದುತ್ತಿದ್ದೇನೆ. ಆ ಸೇನೆಯ ಸಬ್‌ಮಷಿನ್ ಗನ್ ಒಂದರ ವಿನ್ಯಾಸ, ಪರೀಕ್ಷೆ, ಬಳಕೆಯ ವರ್ಷಗಳು ಎಲ್ಲವೂ ಅದರಲ್ಲಿ ನಿಜವಾದ ಆಯುಧದ ಚರಿತ್ರೆಯ ಹಾಗೆಯೇ ಬಂದಿವೆ. ಆದರೆ ಲೇಖಕರು ಅದೇ ಆಯುಧವನ್ನು ಒಮ್ಮೆ ‘ಮಷಿನ್ ಗನ್’, ಒಮ್ಮೆ ‘ಸ್ಟೆನ್ ಗನ್’, ಮತ್ತೊಮ್ಮೆ ‘ಕಾರ್ಬೈನ್’ ಎಂದಿದ್ದಾರೆ. ಯಾವುದನ್ನು ಉಳಿಸಬೇಕು?

‘ಮಷಿನ್ ಗನ್’ ಸಲ್ಲದೆಂಬುದು ನನ್ನ ಖಚಿತ ಅಭಿಪ್ರಾಯ. ಮಷಿನ್ ಗನ್ ಸಾಮಾನ್ಯವಾಗಿ ರೈಫಲ್ಲಿನ ತೋಟಾವನ್ನೋ ಅದಕ್ಕಿಂತ ದೊಡ್ಡದನ್ನೋ ಹಾರಿಸುತ್ತದೆ. ಸಬ್‌ಮಷಿನ್ ಗನ್ ಹಾರಿಸುವುದು ಪಿಸ್ತೂಲಿನ ತೋಟಾವನ್ನು, ಆದ್ದರಿಂದಲೇ ಅದು ಒಬ್ಬನೇ ಹಿಡಿದು ಓಡಬಲ್ಲಷ್ಟು ಹಗುರ, ಮತ್ತು ಆದ್ದರಿಂದಲೇ ಇನ್ನೂರು ಮೀಟರ್ ದಾಟಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. 1918ರಲ್ಲಿ ಎಂಪಿ 18 ಎಂಬ ಸಬ್‌ಮಷಿನ್ ಗನ್ನನ್ನು ಬಳಕೆಗೆ ತಂದ ಜರ್ಮನರು ಈ ವರ್ಗಕ್ಕೆ ಇಟ್ಟ ‘ಮಷಿನೆನ್‌ಪಿಸ್ಟೋಲೆ’ (ಎಂಪಿ) ಎಂಬ ಹೆಸರಿನಲ್ಲೇ ಪಿಸ್ತೂಲು ಇದೆ. ರಷ್ಯನ್ ಮತ್ತು ಫ್ರೆಂಚ್ ಹೆಸರುಗಳಲ್ಲೂ ಇದೆ. ಥಾಮ್ಸನ್ ಬಂದೂಕಿನೊಂದಿಗೆ ಪ್ರಚಾರಕ್ಕೆ ಬಂದ ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಆ ಸುಳಿವಿಲ್ಲ. ‘ಉಪಮಷಿನ್ ಗನ್’ ಎಂದರೆ ಉಪಾಧ್ಯಕ್ಷರಂತೆ ಇನ್ನೊಂದರ ಅಧೀನದಲ್ಲಿರುವ ಆಯುಧವೆಂಬ ಭಾವನೆ ಬರುತ್ತದೆ. ‘ಯಂತ್ರಪಿಸ್ತೂಲು’ ಅರ್ಥಕ್ಕೆ ಹತ್ತಿರವಾದರೂ, ಒಂದೇ ಕೈಯಲ್ಲಿ ಹಿಡಿಯುವ, ಗುಂಡುಗಳನ್ನು ಒಂದೇ ಸಮನೆ ಹಾರಿಸುವ ಪಿಸ್ತೂಲುಗಳು ಬೇರೆಯೇ ಇರುವುದರಿಂದ ಅಲ್ಲೂ ಗೊಂದಲ ತಪ್ಪದು.

‘ಸ್ಟೆನ್’ ಎಂಬುದು ಒಂದು ವರ್ಗದ ಹೆಸರಲ್ಲ. 1941ರಲ್ಲಿ ಬ್ರಿಟನ್ನಿನಲ್ಲಿ ಸಿದ್ಧವಾದ ಒಂದು ನಿರ್ದಿಷ್ಟ ಆಯುಧ ಅದು. ಅದನ್ನು ರೂಪಿಸಿದ ಶೆಫರ್ಡ್, ಟರ್ಪಿನ್ ಎಂಬವರ ಮೊದಲಕ್ಷರಗಳಿಗೆ (ಎಸ್, ಟಿ) ಎನ್‌ಫೀಲ್ಡ್ ಎಂಬ ಶಸ್ತ್ರ ಕಾರ್ಖಾನೆಯ ಹೆಸರಿನ ‘ಎನ್’ ಸೇರಿ ಆದ ಹೆಸರು. ಬ್ರಿಟನ್ನೇ ಇಲ್ಲದ ಕಲ್ಪಿತ ಲೋಕದಲ್ಲಿ ಅದಕ್ಕೆ ಆಧಾರವಿಲ್ಲ. ‘ಕಾರ್ಬೈನ್’ ವಿಷಯ ಇಷ್ಟು ಸುಲಭವಲ್ಲ. ಮೂಲತಃ ಅದು ಕುದುರೆ ಸವಾರರ ಗಿಡ್ಡ ಬಂದೂಕು. ಬ್ರಿಟಿಷ್ ಸೇನೆ ಒಂದು ಕಾಲದಲ್ಲಿ ಸಬ್‌ಮಷಿನ್ ಗನ್ನನ್ನು ‘ಮಷಿನ್ ಕಾರ್ಬೈನ್’ ಎನ್ನುತ್ತಿತ್ತು, ಭಾರತದಲ್ಲಿ ತಯಾರಾದ ಸ್ಟರ್ಲಿಂಗ್ ಎಂಬ ಬ್ರಿಟಿಷ್ ವಿನ್ಯಾಸದ ಸಬ್‌ಮಷಿನ್ ಗನ್ ಕೂಡ ಕಾರ್ಬೈನ್ ಎಂದೇ ಹೆಸರಾಯಿತು. ಹಾಗಾಗಿ ಪೊಲೀಸ್ ಸುದ್ದಿಗಳಲ್ಲಿ ಈ ಪದ ಬಂದರೆ ತಪ್ಪೇನಿಲ್ಲ. ಆದರೆ ಇದೇ ಅನುಬಂಧದಲ್ಲಿ ಗಿಡ್ಡ ರೈಫಲ್ಲೊಂದು ಅದೇ ಹೆಸರಿನಲ್ಲಿ ಬರುತ್ತದೆ. ಆದ್ದರಿಂದ ‘ಸಬ್‌ಮಷಿನ್ ಗನ್’ ಎಂದೇ ಇಟ್ಟು, ಮೊದಲ ಬಳಕೆಯಲ್ಲಿ ಪಿಸ್ತೂಲಿನ ತೋಟಾದ ಮಾತನ್ನು ಸೇರಿಸುವುದು ಲೇಸೆಂದು ತೋರುತ್ತದೆ.

ನಿಜವಾದ ತೊಡಕು ‘ಓಪನ್ ಬೋಲ್ಟ್’ ಪದದ್ದು. ಲೇಖಕರು ‘ತೆರೆದ ಬೋಲ್ಟ್’ ಎಂದಿದ್ದಾರೆ. ಬೋಲ್ಟ್ ಎಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಲೋಹದ ಭಾಗ. ಇಂಥ ಬಂದೂಕಿನಲ್ಲಿ ಗುಂಡು ಹಾರಿಸುವ ಮೊದಲು ಅದು ಹಿಂದಕ್ಕೆ ಸರಿದು ನಿಂತಿರುತ್ತದೆ. ಟ್ರಿಗರ್ ಎಳೆದಾಗ ಮುಂದಕ್ಕೆ ಧಾವಿಸಿ, ಮ್ಯಾಗಝಿನ್‌ನಿಂದ ತೋಟಾವನ್ನು ನಳಿಗೆಗೆ ತಳ್ಳಿ ಸಿಡಿಸುತ್ತದೆ. ಬಿಡುವಿನಲ್ಲಿ ನಳಿಗೆಯೊಳಗೆ ಗಾಳಿಯಾಡಿ ಅದು ತಣಿಯುವುದು ಇದರ ಲಾಭ. ‘ತೆರೆದ’ ಎಂಬ ಪದ ಇದಾವುದನ್ನೂ ಹೇಳದೆ ಬೋಲ್ಟಿಗೆ ಮುಚ್ಚಳವಿಲ್ಲವೆಂಬಂತೆ ಕೇಳಿಸುತ್ತದೆ. ‘ಹಿಂದೆ ನಿಲ್ಲುವ ಬೋಲ್ಟ್’ ಎಂದರೆ ಹೇಗೆ? ‘ಬ್ಲೋಬ್ಯಾಕ್’ ಎಂಬುದಕ್ಕೆ ‘ಹಿನ್ನೂಕು’ ಎಂದು ಬರೆಯಬಹುದೇ? ಸಿಡಿದ ತೋಟಾದ ಕೋಶವೇ ಬೋಲ್ಟನ್ನು ಹಿಂದಕ್ಕೆ ನೂಕುವುದರಿಂದ ಹಾಗೆಂದೆ. ಹೆಗಲಿಗೆ ತಾಗುವ ‘ಒದೆತ’ ಬೇರೆ. ಸೇನೆಯಲ್ಲಿದ್ದವರು ಇವುಗಳಿಗೆ ತಮ್ಮ ನಡುವೆ ಬಳಸುತ್ತಿದ್ದ ಕನ್ನಡ ಮಾತುಗಳಿದ್ದರೆ ದಯವಿಟ್ಟು ತಿಳಿಸಿ.