ಪೋಕ್ಸೊ ಕೇಸು: ಕೆಟ್ಟ ಉದ್ದೇಶ ಇರಲಿಲ್ಲ ಅಂತ ಆರೋಪಿಯೇ ಸಾಬೀತು ಮಾಡಬೇಕಾ?

ಪ್ರಶ್ನೆ: ಮೇಡಂ, ನನ್ನ ಮೈದುನ ಕಬಡ್ಡಿ ಕೋಚ್. 14 ವರ್ಷದ ಹುಡುಗಿಯನ್ನು ಕೆಟ್ಟದಾಗಿ ಮುಟ್ಟಿದ ಅಂತ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು) ಸೆಕ್ಷನ್ 10ರಲ್ಲಿ ಕೇಸಾಗಿದೆ. ಹಿಡಿತ ಹೇಳಿಕೊಡುವಾಗ ಕೈ ತಗುಲಿತು, ಅಷ್ಟೇ ಅಂತಾನೆ. ‘ಉದ್ದೇಶ ಇರಲಿಲ್ಲ ಅಂತ ನೀವೇ ಸಾಬೀತು ಮಾಡಬೇಕು’ ಅಂತ ಪರಿಚಯದವರು ಹೇಳಿದರು. ನಿಜಾನಾ?

ವಕೀಲರ ಉತ್ತರ: ಅರ್ಧ ನಿಜ. ಮುಟ್ಟಿದ್ದು ಲೈಂಗಿಕ ಉದ್ದೇಶದಿಂದ ಆಗಿದ್ದರೆ ಮಾತ್ರ ಅದು ಈ ಅಪರಾಧ. ಆದರೆ ಆ ಉದ್ದೇಶ ಇತ್ತು ಅಂತಲೇ ಕೋರ್ಟು ಭಾವಿಸಬೇಕು ಅನ್ನುತ್ತದೆ ಸೆಕ್ಷನ್ 30. ಇರಲಿಲ್ಲ ಅಂತ ಆರೋಪಿ ತೋರಿಸಬೇಕು. ಅದೂ ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಈ ಭಾರ ಜಾಸ್ತಿಯಾಯಿತು ಅಂತಲೇ ನನಗನಿಸುತ್ತದೆ. ಆದರೆ ಮಗುವಿನ ಕಡೆಗೂ ಎಷ್ಟೋ ಸಲ ಬೇರೆ ಸಾಕ್ಷಿ ಇರುವುದಿಲ್ಲ, ಅದನ್ನೂ ಮರೆಯಬಾರದು.

ಇನ್ನರ್ಧ ಕೇಳಿ. ಘಟನೆ ನಡೆಯಿತು ಅನ್ನುವುದನ್ನು ಮೊದಲು ಪ್ರಾಸಿಕ್ಯೂಷನ್ನೇ ಸಾಬೀತು ಮಾಡಬೇಕು. ಈ ಬುಡದ ಸಂಗತಿಗಳು ಸಾಬೀತಾಗದೆ ಸೆಕ್ಷನ್ 30 ಬಳಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಬಟ್ಟೆ ಮೇಲಿಂದ ಮುಟ್ಟಿದ್ದು, ಚರ್ಮಕ್ಕೆ ಚರ್ಮ ತಾಗಿಲ್ಲ, ಹಾಗಾಗಿ ಅಪರಾಧ ಅಲ್ಲ’ ಅನ್ನುವ ವಾದ ಮಾತ್ರ ಬೇಡ. 2021ರಲ್ಲೇ ಅದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಮುಖ್ಯವಾದದ್ದು ಉದ್ದೇಶ.

ಉದ್ದೇಶವನ್ನು ಸುತ್ತಲಿನ ಸಂಗತಿಗಳಿಂದಲೇ ಅಳೆಯುತ್ತಾರೆ. ಎಲ್ಲಿ ಮುಟ್ಟಿದರು, ಆ ಹಿಡಿತಕ್ಕೆ ಅಲ್ಲಿ ಕೈ ಹಾಕಬೇಕಿತ್ತಾ, ಬೇರೆ ಮಕ್ಕಳು ಇದ್ದರಾ, ಮತ್ತೆ ಮತ್ತೆ ಆಯಿತಾ. ತರಬೇತಿಯ ವಿಡಿಯೊ, ಹಾಜರಿ, ಸಿಸಿಟಿವಿ ಅಳಿಸಿಹೋಗದಂತೆ ಈಗಲೇ ವಕೀಲರ ಮೂಲಕ ಅರ್ಜಿ ಹಾಕಿಸಿ. ಚಾರ್ಜ್‌ಶೀಟಿನ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ಇನ್ನೊಂದು. ‘ಕೈ ತಗುಲಿತು’ ಅಂತ ಅವರು ಊರೆಲ್ಲ ಹೇಳಿಕೊಂಡು ಬಂದರೆ ಮುಟ್ಟಿದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ. ಆಮೇಲೆ ಉಳಿಯುವುದು ಉದ್ದೇಶದ ಪ್ರಶ್ನೆ ಒಂದೇ, ಅದರ ಭಾರ ಅವರ ಮೇಲೇ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ, ಸಂವಿಧಾನದ 20(3)ನೇ ವಿಧಿ ಹಾಗನ್ನುತ್ತದೆ. ಆದ್ದರಿಂದ ವಕೀಲರ ಜೊತೆ ಕೂತು ಮಾತಾಡುವ ತನಕ ವಾಟ್ಸಾಪ್‌ನಲ್ಲಿ ಕ್ಷಮೆ, ವಿವರಣೆ ಏನೂ ಬರೆಯುವುದು ಬೇಡ.

ಇನ್ನೊಬ್ಬ ಸದಸ್ಯರು: ಹುಡುಗಿ ಮನೆಯವರ ಹತ್ತಿರ ಹಿರಿಯರನ್ನು ಕಳಿಸಿ ಮಾತಾಡಿಸಬಹುದಾ?

ವಕೀಲರ ಉತ್ತರ: ಖಂಡಿತ ಬೇಡ. ಸಾಕ್ಷಿಗೆ ಒತ್ತಡ ಹಾಕಿದರು ಅಂತಾಗಿ ಜಾಮೀನು ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮಗು ಹೆದರಿಕೆಯಿಲ್ಲದೆ ಮಾತಾಡಬೇಕು. ಪಾಟೀ ಸವಾಲಿನ ಪ್ರಶ್ನೆಗಳನ್ನೂ ವಕೀಲರು ನೇರವಾಗಿ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ವಕೀಲರನ್ನು ಇಡಲು ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.